ಅಡುಗೆಗೊಬ್ಬರು ಬೇಕಲ್ಲ ಅನ್ನುವ ನೆಪ ಸಾಕು

(ಹಾಸನದಲ್ಲಿ ಹಿರಿಯರ ಬಳಗವೊಂದರ ತಿಂಗಳ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಗಂಡನೋ ಹೆಂಡತಿಯೋ ತೀರಿಕೊಂಡ ಮೇಲೆ ಮತ್ತೆ ಪ್ರೀತಿ ಹುಟ್ಟಬಹುದಾ, ಮದುವೆ ಆಗಬಹುದಾ, ಅದರ ಬಗ್ಗೆ ಮಾತಾಡಿ ಅಂತ ನನಗೆ ಫೋನಿನಲ್ಲಿ ಹೇಳಿದ್ದರು. ಆಮೇಲೆ ಆಹ್ವಾನದ ಕಾರ್ಡು ಬಂತು. ನೋಡಿದರೆ ‘ಇಳಿವಯಸ್ಸಿನಲ್ಲಿ ಆಸರೆ’ ಅಂತಿದೆ. ಕಾರ್ಡು ಅಚ್ಚಾಗುವ ಹೊತ್ತಿಗೆ ಪ್ರೀತಿ ಜಾರಿಹೋಗಿ ಆಸರೆ ಬಂದು ಕೂತಿದೆ. ಹಾಕಿಸಿದವರ ಮೇಲೆ ನನಗೆ ಸಿಟ್ಟಿಲ್ಲ, ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ. ಆದರೆ ನನ್ನ ತಕರಾರು ಇರುವುದು ಇದರ ಬಗ್ಗೆಯೇ. ವಯಸ್ಸಾದವರು ಮತ್ತೆ ಜೊತೆ ಬೇಕು ಅಂದರೆ ಅದಕ್ಕೊಂದು ಮರ್ಯಾದಸ್ಥ ಕಾರಣ ತೋರಿಸಬೇಕು. ಅಡುಗೆಗೆ, ಮಾತ್ರೆ ಕೊಡುವುದಕ್ಕೆ, ರಾತ್ರಿ ಎದೆ ಹಿಡಿದುಕೊಂಡರೆ ಆಂಬುಲೆನ್ಸ್ ಕರೆಯುವುದಕ್ಕೆ. ಇಷ್ಟ ಆಯಿತು, ಅದಕ್ಕೆ ಅನ್ನುವಂತಿಲ್ಲ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕೊನೆಯ ಕೆಲವು ವರ್ಷ ಪಿಂಚಣಿ ಕೌಂಟರಿನಲ್ಲಿದ್ದೆ. ನವೆಂಬರ್ ಬಂತು ಅಂದರೆ ಅಲ್ಲಿ ಜಾತ್ರೆ. ಎಲ್ಲರೂ ಜೀವಿತ ಪ್ರಮಾಣಪತ್ರ ಕೊಡಬೇಕು, ಅಂದರೆ ‘ನಾನು ಬದುಕಿದ್ದೇನೆ’ ಅಂತ ಸಹಿ ಹಾಕಬೇಕು. ಕುಟುಂಬ ಪಿಂಚಣಿ, ಅಂದರೆ ನೌಕರರು ತೀರಿಕೊಂಡ ಮೇಲೆ ಮನೆಯವರಿಗೆ ಬರುವ ಪಿಂಚಣಿ, ತೆಗೆದುಕೊಳ್ಳುವವರ ಹಾಳೆಯಲ್ಲಿ ಕೆಳಗೆ ಇನ್ನೊಂದು ಸಾಲೂ ಇರುತ್ತಿತ್ತು. ‘ನಾನು ಮರುಮದುವೆ ಆಗಿಲ್ಲ’ ಅಂತ. ಓದು ಬಾರದ ಹೆಂಗಸರು ಬಂದಾಗ ನಾನೇ ಓದಿ ಹೇಳಿ, ಹೆಬ್ಬೆಟ್ಟಿಗೆ ಇಂಕ್ ಹಚ್ಚಬೇಕಿತ್ತು. ಆ ಸಾಲು ಓದಿದ ತಕ್ಷಣ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ‘ಅಯ್ಯೋ, ಈ ವಯಸ್ಸಲ್ಲಿ ನನ್ನ ಯಾರು ಮದುವೆ ಆಗ್ತಾರೆ ತಾಯಿ?’ ಅನ್ನುತ್ತಿದ್ದರು. ಆಮೇಲೆ ಒಂದು ದಿನ ನನಗೆ ಹೊಳೆಯಿತು. ‘ನನಗೆ ಬೇಡ’ ಅಂತ ಹೇಳುವವರು ಕಡಿಮೆ. ‘ಯಾರು ಆಗ್ತಾರೆ’ ಅಂತಲೇ ಹೆಚ್ಚಿನವರು ಹೇಳುವುದು. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ ಅಲ್ವಾ?

ಅವರು ಹಾಗೆ ಹೇಳುವುದಕ್ಕೆ ಕಾರಣವೂ ಇದೆ. 2011ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ಗಂಡನನ್ನು ಕಳೆದುಕೊಂಡು ಬದುಕುತ್ತಿದ್ದ ಹೆಂಗಸರು ಸುಮಾರು 4.3 ಕೋಟಿ. ಹೆಂಡತಿಯನ್ನು ಕಳೆದುಕೊಂಡ ಗಂಡಸರು ಸುಮಾರು 1.2 ಕೋಟಿ. ಇಷ್ಟು ಅಂತರ ಯಾಕೆ? ಹೆಂಗಸರು ಜಾಸ್ತಿ ವರ್ಷ ಬದುಕುತ್ತಾರೆ, ಗಂಡ ವಯಸ್ಸಿನಲ್ಲಿ ದೊಡ್ಡವನಿರುತ್ತಾನೆ, ಇವೆರಡೂ ಇವೆ. ಮೂರನೆಯದು, ಹೆಂಡತಿ ಸತ್ತ ಗಂಡಸಿಗೆ ಮತ್ತೆ ಮದುವೆಯಾಗುತ್ತದೆ, ಆಗ ಅವನು ಆ ಲೆಕ್ಕದಿಂದಲೇ ಆಚೆ ಹೋಗುತ್ತಾನೆ. ಹೆಂಗಸು ಅಲ್ಲೇ ಉಳಿಯುತ್ತಾಳೆ.

ಹಾಗಂತ ಗಂಡಸರ ಪಾಡೇನೂ ಭಾರಿ ಚೆನ್ನಾಗಿದೆ ಅಂದುಕೊಳ್ಳಬೇಡಿ. ವರ್ಷದ ತಿಥಿ ಮುಗಿಯುವ ಮೊದಲೇ ನೆಂಟರು ‘ಅಡುಗೆಗೊಬ್ಬರು ಬೇಕಲ್ಲಪ್ಪ’ ಅಂತ ಶುರು ಮಾಡುತ್ತಾರೆ. ಪಾಪ, ಆ ಮನುಷ್ಯನಿಗೆ ರಾತ್ರಿ ನಿದ್ದೆ ಬರುತ್ತಿಲ್ಲ, ಹೆಂಡತಿಯ ಸೀರೆ ಬೀರುವಿನಿಂದ ತೆಗೆಯುವುದಕ್ಕೆ ಕೈ ಬರುತ್ತಿಲ್ಲ. ಇವರು ನೋಡಿದರೆ ಸಾರು ಮಾಡುವವರನ್ನು ಹುಡುಕುತ್ತಿದ್ದಾರೆ. ಅವನಿಗೂ ಅವಮಾನ, ಬರುವವಳಿಗೂ ಅವಮಾನ. ಅದೇ ಹೆಂಗಸಾದರೆ ಮಾತು ಇನ್ನೊಂದು ಥರ. ‘ಮೊಮ್ಮಕ್ಕಳಿದ್ದಾರಲ್ಲ, ಇನ್ನೇನು ಬೇಕು?’ ಅವಳಿಗೆ ಮಗುವಿನ ಡಯಾಪರ್ ಬದಲಿಸುವ ಕೆಲಸ, ಅವನಿಗೆ ಅಡುಗೆಯವಳು. ಇಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಒಬ್ಬರೂ ಕೇಳಿರುವುದಿಲ್ಲ.

ನನ್ನದೂ ಸ್ವಲ್ಪ ಹೇಳುತ್ತೇನೆ. ಇಲ್ಲದಿದ್ದರೆ ‘ಈಯಮ್ಮ ಯಾರು ನಮಗೆ ಹೇಳೋಕೆ’ ಅಂತೀರಿ. ನಮ್ಮ ಕಡೆ ಗಂಡನ ಹೆಸರು ಹೇಳಿ ರೂಢಿಯಿಲ್ಲ, ಹಾಗಾಗಿ ಹೋದವರನ್ನು ‘ಅವರು’ ಅನ್ನುತ್ತೇನೆ, ಈಗಿರುವವರನ್ನು ‘ಇವರು’ ಅನ್ನುತ್ತೇನೆ. ಗಮನ ಇಟ್ಟು ಕೇಳಿ, ಆಮೇಲೆ ಗೊಂದಲ ಆದರೆ ನಾನು ಜವಾಬ್ದಾರಳಲ್ಲ.

ಅವರು ಹೃದಯಾಘಾತದಿಂದ ಹೋದರು. ತಿಂಡಿ ತಿಂದು ಪೇಪರ್ ಹಿಡಿದು ಕೂತವರು ಏಳಲಿಲ್ಲ. ಹಬ್ಬದ ದಿನ ಕಷ್ಟ ಆಗುತ್ತದೆ ಅಂತ ಎಲ್ಲರೂ ಹೇಳಿದ್ದರು. ನನಗೆ ಹಬ್ಬ ಅಷ್ಟು ಕಷ್ಟ ಆಗಲಿಲ್ಲ, ಮನೆ ತುಂಬಾ ಜನ ಇರುತ್ತಿದ್ದರು. ಕಷ್ಟ ಆಗಿದ್ದು ಬಸ್ಸಿಳಿದ ಮೇಲಿನ ಐದು ನಿಮಿಷ. ಆಫೀಸಿನ ಟ್ರೇನಿಂಗಿಗೆ ಬೆಂಗಳೂರಿಗೆ ಹೋಗಲಿ, ಯಾರದೋ ಮದುವೆಗೆ ಅರಸೀಕೆರೆಗೆ ಹೋಗಲಿ, ಇಳಿದ ತಕ್ಷಣ ‘ತಲುಪಿದ್ಯಾ?’ ಅಂತ ಅವರ ಫೋನು ಬರುತ್ತಿತ್ತು. ಜಾಸ್ತಿ ಮಾತಿಲ್ಲ. ‘ಹ್ಞೂಂ’ ಅಂದರೆ ಇಟ್ಟುಬಿಡುತ್ತಿದ್ದರು. ಬದುಕಿದ್ದಾಗ ನನಗೆ ಅದೊಂದು ಕಿರಿಕಿರಿ. ಅವರು ಹೋದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗು ಹಿಡಿದು ನಿಂತರೆ, ನಾನು ತಲುಪಿದೆನೋ ಇಲ್ಲವೋ ಅಂತ ಈ ಲೋಕದಲ್ಲಿ ಯಾರಿಗೂ ತಿಳಿಯಬೇಕಾಗಿಲ್ಲ ಅನ್ನಿಸುತ್ತಿತ್ತು. ಮಗನಿಗೆ ನನ್ನ ಮೇಲೆ ಪ್ರೀತಿ ಇದೆ. ಆದರೆ ಅವನು ಭಾನುವಾರ ಫೋನ್ ಮಾಡುವ ಮಗ. ಮಕ್ಕಳು ಹಾಗೇ ಇರಬೇಕು, ಅವರಿಗೆ ಅವರ ಮನೆ ಇದೆ.

ಇವರು ಪರಿಚಯದವರೇ. ಇವರ ಹೆಂಡತಿ ಮತ್ತು ನಾನು ಒಟ್ಟಿಗೆ ದೇವರನಾಮ ಕಲಿಯುವುದಕ್ಕೆ ಹೋಗುತ್ತಿದ್ದೆವು. ಆಕೆ ಕ್ಯಾನ್ಸರಿನಿಂದ ತೀರಿಕೊಂಡರು. ಜಂಟಿ ಖಾತೆ, ಲಾಕರ್, ಎಲ್‌ಐಸಿ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಇವರು ನನ್ನ ಹತ್ತಿರ ಬರುತ್ತಿದ್ದರು. ಕಾಗದ ಮುಗಿದ ಮೇಲೂ ಆಗಾಗ ಬರುತ್ತಿದ್ದರು. ನಾನೂ ಸುಮ್ನೆ ಏನೋ ಮಾತಾಡುತ್ತಿದ್ದೆ. ಒಂದು ಸಲ ಮಳೆಗಾಲದಲ್ಲಿ ಮಂಗಳೂರಿಗೆ ಮಗನ ಮನೆಗೆ ಹೊರಟಿದ್ದೆ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಬಸ್ಸು ಗಂಟೆಗಟ್ಟಲೆ ನಿಂತಿತು. ಮಧ್ಯರಾತ್ರಿ ದಾಟಿದ ಮೇಲೆ ಫೋನಿಗೆ ಒಂದು ಮೆಸೇಜು ಬಂತು. ‘ತಲುಪಿದ್ರಾ?’ ಅಷ್ಟೇ. ಬಹುವಚನ ಬೇರೆ! ನನಗೆ ಆ ಬಸ್ಸಿನಲ್ಲೇ ಗೊತ್ತಾಯಿತು. ಈ ಮನುಷ್ಯ ನನಗೆ ಬೇಕು ಅಂತ.

ಇದನ್ನು ಆಸರೆ ಅನ್ನಬಹುದಾ? ನನಗೆ ಆಗ ಕೈತುಂಬಾ ಸಂಬಳ ಇತ್ತು, ಸ್ವಂತ ಮನೆ ಇತ್ತು, ಮೊಣಕಾಲು ಕೂಡ ಗಟ್ಟಿಯಿತ್ತು. ಇವರಿಗೆ ನನಗಿಂತ ಚೆನ್ನಾಗಿ ಅಡುಗೆ ಬರುತ್ತದೆ. ಯಾವ ನೆಪವೂ ಇರಲಿಲ್ಲ ನಮಗೆ. ಅದೇ ತೊಂದರೆ ಆಗಿದ್ದು.

ಮಗ ಬಂದು ಕೂತು ಕೇಳಿದ. ‘ಅಮ್ಮ, ನಿನಗೇನು ಕಡಿಮೆ ಆಗಿದೆ ಹೇಳು.’ ಕಡಿಮೆ ಆಗಿರುವುದನ್ನು ತಂದುಕೊಡುವವನ ಹಾಗೆ ಕೇಳಿದ, ಪಾಪ. ಏನೂ ಕಡಿಮೆಯಿಲ್ಲ ಕಣೋ, ಇವರು ಇಷ್ಟ ಅಷ್ಟೇ ಅಂದೆ. ಅವನ ಕಿವಿ ಕೆಂಪಾಯಿತು. ತಾಯಿಯ ಬಾಯಿಂದ ಈ ಮಾತು ಕೇಳಿ ಯಾವ ಮಗನಿಗೂ ಅಭ್ಯಾಸವಿಲ್ಲ. ಸೊಸೆ ಮಾತ್ರ ನೇರ. ‘ಅತ್ತೆ, ಪಾಪುನ ಯಾರು ನೋಡ್ಕೋತಾರೆ?’ ಅಂದಳು. ನಾನು ಆ ಹುಡುಗಿಯನ್ನು ಮೆಚ್ಚಿದೆ, ಯಾಕೆಂದರೆ ಉಳಿದವರೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ಸಂಪ್ರದಾಯದ ಮಾತಾಡುತ್ತಿದ್ದರು, ಇವಳೊಬ್ಬಳು ನಿಜ ಹೇಳಿದಳು. ಪಾಪುವಿಗೆ ಡೇ ಕೇರ್ ಹುಡುಕಿದೆವು. ಇವರ ಮಗಳು ಬೇರೆ ಥರ. ‘ಅಪ್ಪ, ಅಡುಗೆಗೇ ಬೇಕಂದ್ರೆ ಯಾರನ್ನಾದ್ರೂ ಇಡೋಣ’ ಅಂದಳಂತೆ. ‘ನಿನ್ನ ಅಮ್ಮನ್ನ ನಾನು ಅಡುಗೆಗೆ ಇಟ್ಕೊಂಡಿದ್ನೇನಮ್ಮ?’ ಅಂತ ಇವರು ಕೇಳಿದರಂತೆ. ಆಮೇಲೆ ಅಪ್ಪ ಮಗಳು ಇಬ್ಬರೂ ಅತ್ತರಂತೆ.

ಊರಿನವರದು ಗೊತ್ತೇ ಇದೆ. ‘ಮೊದಲಿಂದ್ಲೂ ಇತ್ತಂತೆ’ ಅಂದರು. ಪರಿಚಯದವರನ್ನೇ ಮದುವೆಯಾದರೆ ಈ ಮಾತು ಬಂದೇ ಬರುತ್ತದೆ. ನಮಗೆ ಇದರಿಂದ ಆದ ನೋವು ನಮ್ಮ ಸಲುವಾಗಿ ಅಲ್ಲ. ಹೋದ ಇಬ್ಬರು ಎದ್ದು ಬಂದು ಜವಾಬು ಹೇಳುವ ಹಾಗಿಲ್ಲವಲ್ಲ, ಅದಕ್ಕೆ.

ಈಗ ಹೋದವರ ವಿಷಯಕ್ಕೆ ಬರುತ್ತೇನೆ, ಇಲ್ಲಿ ತುಂಬ ಜನಕ್ಕೆ ಇದೇ ಮುಳ್ಳು. ಮತ್ತೆ ಯಾರನ್ನಾದರೂ ಪ್ರೀತಿಸಿದರೆ ಹೋದವರಿಗೆ ದ್ರೋಹ ಮಾಡಿದ ಹಾಗೆ ಅಂತ. ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಎಡೆ ಇಡುತ್ತೇವೆ. ಹೋದವರಿಗೆ ಏನು ಇಷ್ಟವೋ ಅದೆಲ್ಲ ಎಡೆಯಲ್ಲಿ ಇರಬೇಕು, ನಿಮಗೂ ಗೊತ್ತು. ನಾವು ಮದುವೆಯಾದ ವರ್ಷ ಹೇಗೆ ಮಾಡುವುದು ಅಂತ ನನಗೆ ಅಳುಕು. ಇವರೇ ‘ಎರಡೂ ಎಡೆ ಒಟ್ಟಿಗೆ ಇಡೋಣ’ ಅಂದರು. ಇವರ ಹೆಂಡತಿಗೆ ಹುರುಳಿಕಾಳು ಬಸ್ಸಾರು, ಹೋಳಿಗೆ, ಒಂದು ಮೈಸೂರು ಸಿಲ್ಕ್ ಸೀರೆ. ನಮ್ಮವರಿಗೆ ಮಟನ್ ಸಾರು, ಮುದ್ದೆ, ಚಕ್ಕುಲಿ. ಎಲ್ಲ ಆದ ಮೇಲೆ ಇವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎಲ್ಲಿಗೆ ಅಂದೆ. ‘ಅವರಿಗೆ ಸಿಗರೇಟು ಬೇಕಲ್ವಾ, ಯಾವ ಬ್ರ್ಯಾಂಡು ಹೇಳಿ’ ಅಂದರು. ಜೀವನದಲ್ಲಿ ಒಂದು ಸಿಗರೇಟು ಮುಟ್ಟದ ಮನುಷ್ಯ, ಪಕ್ಕದಲ್ಲಿ ಯಾರಾದರೂ ಸೇದಿದರೆ ಕೆಮ್ಮಿ ಜಗಳ ತೆಗೆಯುವವರು, ಹೋಗಿ ಪ್ಯಾಕು ತಂದು, ಜೊತೆಗೆ ಬೆಂಕಿಪೊಟ್ಟಣವನ್ನೂ ಇಟ್ಟು, ಫೋಟೋದ ಕಡೆಗೆ ತಿರುಗಿಸಿ ಸರಿಯಾಗಿ ಜೋಡಿಸಿದರು. ಆ ಸಿಗರೇಟನ್ನು ಹತ್ತಿಸಿ ಇಡುವುದಾ ಹಾಗೇ ಇಡುವುದಾ ಅಂತ ಅರ್ಧ ಗಂಟೆ ಚರ್ಚೆಯೂ ಆಯಿತು.

ಹಾಲಿನಲ್ಲಿ ಎರಡೂ ಫೋಟೋ ಇವೆ. ತೆಗೆಯಬೇಕು ಅಂತ ಇಬ್ಬರಿಗೂ ಅನ್ನಿಸಲಿಲ್ಲ. ನಾನು ಅವರ ಕಥೆ ಹೇಳಿದರೆ ಇವರು ಕೇಳುತ್ತಾರೆ, ಎಷ್ಟೋ ಸಲ ‘ಇದು ಹೇಳಿದ್ದೀರಿ’ ಅಂತಲೂ ಹೇಳುತ್ತಾರೆ. ಇನ್ನೊಬ್ಬರನ್ನು ಕಳೆದುಕೊಂಡು ಬಂದವರಲ್ಲಿ ಇದೊಂದು ಸುಖ ಇದೆ. ಹಳೆಯದನ್ನು ಮುಚ್ಚಿಡಬೇಕಾಗಿಲ್ಲ.

ದುಃಖದ ಬಗ್ಗೆ ಓದಿದವರು ಕೂಡ ಈಗ ಬೇರೆ ಥರ ಹೇಳುತ್ತಾರೆ. ದುಃಖಕ್ಕೆ ಐದು ಹಂತ, ಒಂದೊಂದೇ ದಾಟಿ ಕೊನೆಗೆ ಮುಗಿಯುತ್ತದೆ ಅಂತ ವಾಟ್ಸಾಪಿನಲ್ಲಿ ಬರುತ್ತಿರುತ್ತದಲ್ಲ, ಅದನ್ನು 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್-ರಾಸ್ ಅನ್ನುವ ವೈದ್ಯೆ ಬರೆದದ್ದು ಸಾಯುತ್ತಿರುವ ರೋಗಿಗಳ ಬಗ್ಗೆ. ಉಳಿದವರ ಬಗ್ಗೆ ಅಲ್ಲ. 1999ರಲ್ಲಿ ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಶುಟ್ ಅನ್ನುವ ಇಬ್ಬರು ಬೇರೆ ಒಂದು ಮಾತು ಹೇಳಿದರು. ಸಂಗಾತಿಯನ್ನು ಕಳೆದುಕೊಂಡವರು ನೋವಿನ ಕಡೆಗೊಮ್ಮೆ, ಹೊಸ ಬದುಕಿನ ಕಡೆಗೊಮ್ಮೆ ಹೋಗಿ ಬಂದು ಮಾಡುತ್ತಲೇ ಇರುತ್ತಾರೆ, ಅದೇ ಸಹಜ ಅಂತ. ನನಗೆ ಇದು ಸರಿ ಅನ್ನಿಸುತ್ತದೆ. ಇವತ್ತಿಗೂ ಒಮ್ಮೊಮ್ಮೆ ನನಗೆ ಅಳು ಬರುತ್ತದೆ. ಆಗ ಇವರ ಮೇಲಿನ ಪ್ರೀತಿ ಕಡಿಮೆಯಾಗಿರುವುದಿಲ್ಲ. ಹಾಗಾಗಿ ‘ದುಃಖ ಪೂರ್ತಿ ಮುಗಿಯಲಿ, ಆಮೇಲೆ ನೋಡೋಣ’ ಅಂತ ಕಾಯುವವರು ತುಂಬಾ ಕಾಯಬೇಕಾಗುತ್ತದೆ. ಹಾಗಂತ ಮೂರೇ ತಿಂಗಳಿಗೆ ಓಡಿಹೋಗಿ ತಾಳಿ ಕಟ್ಟಿ ಅಂತಲೂ ಹೇಳುತ್ತಿಲ್ಲ. ಮನೆಯ ಮೌನ ತಡೆಯಲಾರದೆ ಸಿಕ್ಕವರನ್ನು ಒಪ್ಪಿಕೊಂಡವರನ್ನೂ ನೋಡಿದ್ದೇನೆ. ಅವರಿಗೆ ಬೇಕಾಗಿದ್ದು ಒಂದು ರೇಡಿಯೋ, ತಂದುಕೊಂಡದ್ದು ಒಬ್ಬ ಮನುಷ್ಯನನ್ನು.

ಇದೆಲ್ಲ ನಮ್ಮ ಸಂಸ್ಕೃತಿಯಲ್ಲ, ಹೊರಗಿನಿಂದ ಬಂದದ್ದು ಅನ್ನುವವರಿಗೆ ಒಂದು ಮಾತು. ನಮ್ಮಜ್ಜಿಯ ಕಾಲದಲ್ಲಿ ಇದು ಇತ್ತು. ಹಳೇ ಮೈಸೂರು ಕಡೆ ಕೂಡಾವಳಿ, ಸೀರುಡಿಕೆ ಅನ್ನುತ್ತಿದ್ದರು, ಉತ್ತರ ಕರ್ನಾಟಕದಲ್ಲಿ ಉಡಿಕಿ ಅನ್ನುತ್ತಾರೆ. ಎಷ್ಟೋ ಜಾತಿಗಳಲ್ಲಿ ಗಂಡ ಸತ್ತ ಹೆಂಗಸು ಹೊಸ ಸೀರೆ ಉಟ್ಟು ಇನ್ನೊಬ್ಬನ ಮನೆ ಸೇರಬಹುದಿತ್ತು. ಅದು ಸರಿಸಮಾನ ಮದುವೆ ಅಂತೇನೂ ನಾನು ಹೇಳುವುದಿಲ್ಲ. ಎಷ್ಟೋ ಕಡೆ ಚಪ್ಪರ ಇಲ್ಲ, ವಾಲಗ ಇಲ್ಲ, ಕತ್ತಲಾದ ಮೇಲೆ ನಾಲ್ಕು ಜನರ ಮುಂದೆ ಮುಗಿಸಿಬಿಡುತ್ತಿದ್ದರು, ಮುತ್ತೈದೆಯರು ಆ ಕಡೆ ಸುಳಿಯುತ್ತಿರಲಿಲ್ಲ. ಆದರೂ ದಾರಿ ಅಂತ ಒಂದು ಇತ್ತು. ಆಮೇಲೆ ನಾಲ್ಕು ಕಾಸು ಬಂತು, ಓದು ಬಂತು, ನಾವೂ ಮೇಲಿನವರ ಹಾಗೆ ಆಗಬೇಕು ಅನ್ನಿಸಿತು. ಅವರು ಮಾಡದ ಕೂಡಾವಳಿ ನಮಗೂ ನಾಚಿಕೆಯಾಯಿತು. ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ 1952ರಲ್ಲಿ ಬರೆದ ಪುಸ್ತಕದಲ್ಲಿ ಈ ಮೇಲಿನವರನ್ನು ಅನುಸರಿಸುವ ಚಾಳಿಗೆ ಸಂಸ್ಕೃತೀಕರಣ ಅಂತ ಹೆಸರಿಟ್ಟರು. ಅದರ ಬೆಲೆ ಕೊಟ್ಟವರು ಹೆಂಗಸರು.

ಮೇಲಿನವರ ಮನೆಯ ಕಥೆಯೂ ಕೇಳಿ. ಈಶ್ವರಚಂದ್ರ ವಿದ್ಯಾಸಾಗರರು ಹೋರಾಡಿ 1856ರಲ್ಲಿ ಹಿಂದೂ ವಿಧವೆಯರ ಮರುವಿವಾಹದ ಕಾಯ್ದೆ ಬಂತು. ಆ ಕಾಯ್ದೆಯಲ್ಲೇ ಒಂದು ಕಲಮು ಇತ್ತು. ಮರುಮದುವೆಯಾದರೆ ಸತ್ತ ಗಂಡನ ಆಸ್ತಿಯಲ್ಲಿ ಅವಳಿಗಿದ್ದ ಹಕ್ಕು ಹೋಯಿತು. ಬಾಗಿಲು ತೆಗೆದು ಹೊಸ್ತಿಲಲ್ಲಿ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡ ಹಾಗೆ. ಇನ್ನು ಪುಣೆಯ ಧೋಂಡೋ ಕೇಶವ ಕರ್ವೆ. 1891ರಲ್ಲಿ ಅವರ ಹೆಂಡತಿ ರಾಧಾಬಾಯಿ ತೀರಿಕೊಂಡರು. ಆಗಿನ ರೂಢಿಯಂತೆ ಹತ್ತು ಹನ್ನೆರಡು ವರ್ಷದ ಹುಡುಗಿಯನ್ನು ತಂದುಕೊಳ್ಳಬಹುದಿತ್ತು. ಕರ್ವೆ ವಿಧವೆಯನ್ನೇ ಮದುವೆಯಾಗುತ್ತೇನೆ ಅಂದರು. 1893ರಲ್ಲಿ ಗೋದೂಬಾಯಿಯನ್ನು ಮದುವೆಯಾದರು. ಎಂಟು ವರ್ಷಕ್ಕೇ ವಿಧವೆಯಾಗಿ, ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ ಓದಿದ ಹೆಣ್ಣುಮಗಳು ಆಕೆ. ಕರ್ವೆಯವರ ಊರು ಮುರುಡಿನಲ್ಲಿ ಬಹಿಷ್ಕಾರ ಹಾಕಿದರು. ಇಬ್ಬರೂ 1950ರಲ್ಲಿ ಆಕೆ ತೀರಿಕೊಳ್ಳುವ ತನಕ ಒಟ್ಟಿಗೆ ಬಾಳಿದರು. ಕರ್ವೆಯವರನ್ನು ಸಮಾಜ ಸುಧಾರಕ ಅಂತ ಪಾಠದಲ್ಲಿ ಓದುತ್ತೇವೆ. ಐವತ್ತೇಳು ವರ್ಷ ಬರೀ ಸುಧಾರಣೆಗಾಗಿ ಯಾರೂ ಒಟ್ಟಿಗೆ ಇರುವುದಿಲ್ಲ, ನನಗೆ ಅನ್ನಿಸುವುದು.

ಅರಿಶಿನ ಕುಂಕುಮದ ತಟ್ಟೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಅವರು ಹೋದ ಮೇಲೆ ಯಾವ ಸಮಾರಂಭಕ್ಕೆ ಹೋದರೂ ಸಾಲಿನಲ್ಲಿ ತಟ್ಟೆ ನನ್ನ ಹತ್ತಿರ ಬರುವಾಗ ತಂದವಳ ಕಣ್ಣು ಕೆಳಗಾಗಿ, ತಟ್ಟೆ ನನ್ನ ಮುಂದೆ ತೇಲಿ ಪಕ್ಕದವರಿಗೆ ಹೋಗುತ್ತಿತ್ತು. ಎಷ್ಟು ನಾಜೂಕಾಗಿ ಮಾಡುತ್ತಾರೆ ಅಂದರೆ ಯಾರ ಮೇಲೂ ತಪ್ಪು ಹೊರಿಸಲಾಗುವುದಿಲ್ಲ. ಇವರನ್ನು ಮದುವೆಯಾದ ಮೇಲೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಪಕ್ಕದಲ್ಲಿ ನಮ್ಮಕ್ಕ ಕೂತಿದ್ದಳು, ಅವಳ ಗಂಡ ಹೋಗಿ ಬಹಳ ವರ್ಷ ಆಗಿದೆ. ತಟ್ಟೆ ಬಂತು. ನನ್ನ ಮುಂದೆ ನಿಂತಿತು. ಆ ಹುಡುಗಿ ಭಾರಿ ಸಂತೋಷದಿಂದ ‘ತಗೊಳ್ಳಿ ಆಂಟಿ, ಹೂ ಮುಡ್ಕೊಳ್ಳಿ’ ಅಂದಳು. ಅಕ್ಕ ಮೊಬೈಲಿನಲ್ಲಿ ಏನೋ ನೋಡುತ್ತಿರುವ ಹಾಗೆ ಮಾಡುತ್ತಿದ್ದಳು. ನಾನು ತಟ್ಟೆಯನ್ನೇ ಕೈಗೆ ತೆಗೆದುಕೊಂಡು ಮೊದಲು ಅಕ್ಕನಿಗೆ ಕೊಟ್ಟೆ. ಒಂದು ಕ್ಷಣ ಇಡೀ ಸಾಲು ಸುಮ್ಮನಾಯಿತು. ಅಕ್ಕ ‘ಸುಮ್ನಿರೇ’ ಅಂದಳು. ಆದರೆ ಹೂವು ತೆಗೆದುಕೊಂಡಳು. ಗಂಡ ಸಿಕ್ಕರೆ ಮರ್ಯಾದೆ ವಾಪಸ್ಸು ಬರುತ್ತದೆ ಅನ್ನುವುದು ನನಗೆ ಬೇಡ. ಹೂವು ಮುಡಿಯುವುದಕ್ಕೋಸ್ಕರ ಮದುವೆಯಾಗುವ ಗತಿ ಯಾರಿಗೂ ಬರಬಾರದು. 2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ ಗಂಡ ಸತ್ತವರ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿ ನಿಲ್ಲಿಸಬೇಕು ಅಂತ ಠರಾವು ಮಾಡಿತು. ನಮ್ಮ ಬೆಳಗಾವಿಯ ಗಡಿಗೆ ಅಂಥಾ ದೂರವೇನಲ್ಲ. ನಮ್ಮ ಪಂಚಾಯಿತಿಗಳೂ ಓದಿಕೊಳ್ಳಲಿ.

ಇನ್ನು ದುಡ್ಡಿನ ಮಾತು. ಬ್ಯಾಂಕಿನವಳು ಇದನ್ನು ಬಿಟ್ಟರೆ ನೀವೇ ಬೈತೀರಿ. ಮಕ್ಕಳ ವಿರೋಧದ ಹಿಂದೆ ಬರೀ ದುರಾಸೆ ಇರುತ್ತದೆ ಅಂತ ನಾನು ಒಪ್ಪುವುದಿಲ್ಲ. ನಮಗೆ ಇನ್ನೊಬ್ಬ ಸಂಗಾತಿ ಸಿಗಬಹುದು, ಆದರೆ ಅವರಿಗೆ ಇನ್ನೊಬ್ಬ ಅಮ್ಮ ಸಿಗುವುದಿಲ್ಲ. ಇವರ ಮಗಳು ಇವತ್ತಿಗೂ ನನ್ನನ್ನು ಆಂಟಿ ಅನ್ನುತ್ತಾಳೆ, ಅದು ಸರಿಯೇ. ಆದರೆ ಆಸ್ತಿಯ ಭಯವೂ ಇರುತ್ತದೆ, ಅದಕ್ಕೆ ಆಧಾರವೂ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡಸು ವಿಲ್ ಬರೆಯದೆ ಸತ್ತರೆ ಅವನ ಸ್ವಂತ ಆಸ್ತಿ ಹೆಂಡತಿಗೆ, ಪ್ರತಿಯೊಂದು ಮಗುವಿಗೆ, ತಾಯಿ ಇದ್ದರೆ ತಾಯಿಗೆ ಸಮಪಾಲು. ಮದುವೆಯಾಗಿ ಆರೇ ತಿಂಗಳಾಗಿದ್ದರೂ ಆಕೆ ಹೆಂಡತಿಯೇ. ಹಾಗಾಗಿ ಮದುವೆಗೆ ಮೊದಲೇ ಕೂತು ವಿಲ್ ಬರೆಯಿರಿ, ಇಬ್ಬರು ಸಾಕ್ಷಿ ಸಾಕು, ರಿಜಿಸ್ಟರ್ ಮಾಡಿಸಿದರೆ ಇನ್ನೂ ಒಳ್ಳೆಯದು. ಯಾವುದು ಮಕ್ಕಳಿಗೆ, ಯಾವುದು ಹೊಸ ಸಂಗಾತಿಗೆ, ನೀವು ಹೋದ ಮೇಲೆ ಆಕೆ ಆ ಮನೆಯಲ್ಲಿ ಕೊನೆತನಕ ಇರಬಹುದಾ, ಎಲ್ಲ ಬರೆಯಿರಿ. ಹಿಂದೂಗಳಾದರೆ ಮದುವೆಯಾಯಿತು ಅಂತ ಮೊದಲು ಬರೆದ ವಿಲ್ ರದ್ದಾಗುವುದಿಲ್ಲ. ಕ್ರೈಸ್ತರಿಗೆ ರದ್ದಾಗುತ್ತದೆ, ಅವರು ಮದುವೆಯಾದ ಮೇಲೆ ಹೊಸದಾಗಿ ಬರೆಯಬೇಕು. ಬ್ಯಾಂಕ್ ಠೇವಣಿಗೆ ನಾಮಿನಿ ಮಾಡಿದ್ದೀನಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. ನಾಮಿನಿ ದುಡ್ಡು ಪಡೆದುಕೊಳ್ಳುತ್ತಾರೆ ಅಷ್ಟೇ, ಅದು ಯಾರಿಗೆ ಸೇರಬೇಕು ಅನ್ನುವುದು ಬೇರೆ ಪ್ರಶ್ನೆ.

ಮಕ್ಕಳ ಬಾಯಿ ಮುಚ್ಚಿಸಲು ಎಲ್ಲವನ್ನೂ ದಾನಪತ್ರ ಮಾಡಿ ಕೊಟ್ಟುಬಿಡುವವರೂ ಇದ್ದಾರೆ. ಬೇಡ. ದಾನಪತ್ರ ಮಾಡಿದರೆ ಆಸ್ತಿ ಅವತ್ತೇ ಹೋಯಿತು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ವಾಪಸ್ಸು ಪಡೆಯುವ ದಾರಿ ಇದೆ. ಆದರೆ ‘ನನ್ನನ್ನು ನೋಡಿಕೊಳ್ಳಬೇಕು’ ಅನ್ನುವ ಷರತ್ತು ಇದ್ದರೆ ಮಾತ್ರ ಅಂತ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ.

ಗಂಡನಿಂದ ಬಂದ ಆಸ್ತಿ ಮರುಮದುವೆಯಾದರೆ ಹೋಗುತ್ತದೆ ಅಂತ ಹೆದರಿಸುವವರಿದ್ದಾರೆ. ಹೋಗುವುದಿಲ್ಲ. ಆ 1856ರ ಕಾಲ ಮುಗಿಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ 1956ರಿಂದ ಅದು ಅವಳದ್ದೇ ಪೂರ್ತಿ ಸ್ವತ್ತು, 2008ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು. ನಿಜವಾಗಿ ಹೋಗುವುದು ಪಿಂಚಣಿ. ಕುಟುಂಬ ಪಿಂಚಣಿ ಸಾಮಾನ್ಯವಾಗಿ ಸಾಯುವ ತನಕ ಇಲ್ಲವೇ ಮರುಮದುವೆಯಾಗುವ ತನಕ. ಕಾರ್ಖಾನೆ, ಕಂಪನಿಯವರ ಇಪಿಎಸ್ ಪಿಂಚಣಿಯೂ ಹಾಗೇ. ಕೇಂದ್ರ ಸರ್ಕಾರದಲ್ಲಾದರೆ ಮಕ್ಕಳಿಲ್ಲದ ವಿಧವೆ ಮರುಮದುವೆಯಾದರೂ, ಬೇರೆ ಆದಾಯ ಒಂದು ಮಿತಿಯೊಳಗಿದ್ದರೆ, ಪಿಂಚಣಿ ಮುಂದುವರಿಯುತ್ತದೆ. ಉಳಿದವರು ಏನು ಮಾ​ಡಬೇಕು? ಅರವತ್ತೈದು ವರ್ಷದ ಹೆಂಗಸು ತನ್ನದೇ ಅಂತ ಇರುವ ಒಂದೇ ದುಡ್ಡನ್ನು ಬಿಟ್ಟು ಇನ್ನೊಬ್ಬನ ಪರ್ಸು ನಂಬಿಕೊಂಡು ಹೋಗಬೇಕಾ? ಇದು ನನಗೆ ಅನ್ಯಾಯ ಅನ್ನಿಸುತ್ತದೆ. ಸತ್ತವನು ದುಡಿದದ್ದಕ್ಕೆ ಬಂದ ಪಿಂಚಣಿ ಅದು, ಅವನ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ್ದೇನೂ ಅಳಿಸಿಹೋಗಿರುವುದಿಲ್ಲವಲ್ಲ.

ಹೀಗಾಗಿಯೇ ಎಷ್ಟೋ ಜನ ಮದುವೆಯ ಗೋಜಿಗೆ ಹೋಗದೆ ಒಟ್ಟಿಗೆ ಇರುತ್ತಾರೆ. ಇದಕ್ಕೆ ಸಹಾಯ ಮಾಡುವ ಸಂಘಗಳೂ ಇವೆ. ಹೈದರಾಬಾದಿನಲ್ಲಿ ‘ತೋಡು ನೀಡ’, ಅಹಮದಾಬಾದಿನಲ್ಲಿ ನಟುಭಾಯಿ ಪಟೇಲ್ ಅವರ ಸಂಸ್ಥೆ, ಪುಣೆಯಲ್ಲಿ ಮಾಧವ ದಾಮಲೆ ಹಿರಿಯರ ಸಹಜೀವನಕ್ಕೆಂದೇ ಕಟ್ಟಿದ ಮಂಡಳಿ. ಹಿರಿಯರನ್ನು ಸೇರಿಸುತ್ತಾರೆ, ಮಾತಾಡಿಸುತ್ತಾರೆ. ಹಾಗೆ ಇರುವುದು ತಪ್ಪಲ್ಲ, ಆದರೆ ಒಬ್ಬರು ಹೋದರೆ ಇನ್ನೊಬ್ಬರಿಗೆ ವಾರಸುದಾರಿಕೆ ಇಲ್ಲ. ವಿಲ್ ಇಲ್ಲದಿದ್ದರೆ ಹದಿಮೂರನೇ ದಿನ ಮನೆ ಖಾಲಿ ಮಾಡಿ ಅಂತಾರೆ. ಮದುವೆಯೇ ಆಗುವುದಾದರೆ ವಿಶೇಷ ವಿವಾಹ ಕಾಯ್ದೆಯಲ್ಲಿ ಮೂವತ್ತು ದಿನದ ನೋಟಿಸು, ಮೂವರು ಸಾಕ್ಷಿ, ಹೋದವರ ಮರಣ ಪ್ರಮಾಣಪತ್ರ. ಅಷ್ಟೇ.

ಇನ್ನೊಂದು ಎಚ್ಚರಿಕೆ. ಫೇಸ್‌ಬುಕ್ಕಿನಲ್ಲಿ ಸಿಕ್ಕ ವಿದೇಶದ ಡಾಕ್ಟರು, ಹೆಂಡತಿ ಸತ್ತವರು, ಗಿಫ್ಟ್ ಕಳಿಸಿದ್ದಾರಂತೆ, ಕಸ್ಟಮ್ಸಿನವರು ಹಿಡಿದಿದ್ದಾರಂತೆ, ಬಿಡಿಸಲು ಎರಡು ಲಕ್ಷ ಬೇಕಂತೆ. ಇಂಥವರನ್ನು ನಂಬಿದವರು ಕೌಂಟರಿಗೆ ಬಂದು ಠೇವಣಿ ಮುರಿಸುವಾಗ ನಾನು ತಡೆದದ್ದಿದೆ, ತಡೆಯಲಾಗದೆ ಹೋದದ್ದೂ ಇದೆ. ಪ್ರೀತಿ ಮಾಡುವವರು ಮೊದಲು ಎದುರಿಗೆ ಬಂದು ಕೂರಲಿ. ದುಡ್ಡು ಹೋಯಿತು ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಚಿಕೆ ಆಮೇಲೆ ಪಡಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಅದರಲ್ಲಿ ಎರಡನ್ನು ಬರೆಯುತ್ತೇನೆ.

ಒಬ್ಬರು ನಿವೃತ್ತ ಟೀಚರ್ ಎದ್ದು ಹೇಳಿದರು. ‘ನನಗೆ ಯಾರೂ ಬೇಡ ಅನ್ನಿಸುತ್ತೆ. ಒಬ್ಬಳೇ ಇದ್ದು ಈಗ್ಲೇ ನೆಮ್ಮದಿಯಾಗಿದ್ದೀನಿ. ನಿಮ್ಮ ಮಾತು ಕೇಳಿ ನನ್ನದೇ ಏನೋ ಕೊರತೆ ಅನ್ನಿಸ್ತಿದೆ.’ ಖಂಡಿತ ಇಲ್ಲ ಅಂದೆ. ಎಷ್ಟೋ ಹೆಂಗಸರಿಗೆ ಮೊದಲ ಸಲ ಸ್ವಂತ ಇಷ್ಟಕ್ಕೆ ಏಳುವ, ಮಲಗುವ, ಉಣ್ಣುವ ಸ್ವಾತಂತ್ರ್ಯ ಸಿಕ್ಕಿರುತ್ತದೆ. ಅದನ್ನು ಬಿಟ್ಟುಕೊಡುವುದಕ್ಕೆ ಎದುರಿಗಿರುವ ಗಂಡಸು ಭಾರಿ ಚೆನ್ನಾಗಿರಬೇಕು. ನೀವು ‘ನನಗೆ ಬೇಡ’ ಅಂದಿರಿ, ‘ಯಾರು ಆಗ್ತಾರೆ’ ಅನ್ನಲಿಲ್ಲ. ನನಗೆ ಅಷ್ಟು ಸಾಕು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಎಪ್ಪತ್ತರ ಆಸುಪಾಸು, ಇಸ್ತ್ರಿ ಮಾಡಿದ ಶರ್ಟು. ಮೈಕು ಬೇಡ ಅಂದರು. ದಿನಾ ವಾಕಿಂಗಿಗೆ ಹೋಗುವ ಪಾರ್ಕಿಗೆ ಒಬ್ಬರು ಬರುತ್ತಾರಂತೆ, ಅವರಿಗೂ ಯಜಮಾನರಿಲ್ಲವಂತೆ. ‘ಅವರ ಮಗ ನನಗೆ ಗೊತ್ತು. ಮೊದಲು ಅವನ ಹತ್ರ ಮಾತಾಡ್ಲಾ?’ ಅಂತ ಕೇಳಿದರು. ಸಭೆಯಲ್ಲಿ ನಗು.

ಮಗನ ಹತ್ತಿರ ಯಾಕೆ ಸಾರ್, ನೀವು ಮಗನನ್ನು ಮದುವೆಯಾಗುತ್ತೀರಾ ಅಂದೆ. ಅವರನ್ನೇ ಕೇಳಿ. ನೇರವಾಗಿ ಮದುವೆ ಅನ್ನಬೇಡಿ, ಹೆದರುತ್ತಾರೆ. ವಾಕಿಂಗ್ ಆದ ಮೇಲೆ ಒಂದು ಕಾಫಿಗೆ ಬರ್ತೀರಾ ಅಂತ ಕೇಳಿ. ಇಲ್ಲ ಅಂದರೆ ಪಾರ್ಕಿನಲ್ಲಿ ಮೊದಲಿನಷ್ಟೇ ಮರ್ಯಾದೆಯಿಂದ ನಮಸ್ಕಾರ ಮಾಡಿ, ರಸ್ತೆ ಬದಲಿಸಬೇಡಿ, ಅವರ ವಾಕಿಂಗ್ ತಪ್ಪಿಸಬೇಡಿ. ಹ್ಞೂಂ ಅಂದರೆ, ದಯವಿಟ್ಟು ನಿಮ್ಮ ಶುಗರ್ ಬಗ್ಗೆ, ಸೊಸೆಯ ಬಗ್ಗೆ, ಮನೆ ಅಡುಗೆಯ ಬಗ್ಗೆ ಮೊದಲ ದಿನವೇ ಶುರು ಮಾಡಬೇಡಿ.

‘ಮತ್ತೆ ಏನು ಮಾತಾಡೋದು?’ ಅಂದರು.

ಅವರನ್ನು ಮಾತಾಡುವುದಕ್ಕೆ ಬಿಡಿ ಅಂದೆ. ‘ಸರಿ’ ಅಂತ ಕೂತರು. ಆಮೇಲೆ ಕಾಫಿ ಬೋಂಡಾ ಕೊಡುವಾಗ ಹತ್ತಿರ ಬಂದು, ಪಾರ್ಕಿನ ಹತ್ತಿರ ಕೂತು ಮಾತಾಡುವಂಥ ಒಳ್ಳೆ ಹೋಟೆಲ್ ಯಾವುದು ಅಂತ ವಿಚಾರಿಸಿದರು.